ಹಲಗೆಯ ತೂಕ ಕಳೆದು ಉಳಿದ ನಾನು

ಔಷಧಿ ಚೀಟಿಯ ಹಿಂಬದಿಯಲ್ಲಿ ಡಾಕ್ಟರು ನನ್ನ ಹೊಟ್ಟೆಯ ಚಿತ್ರ ಬರೆದರು. ಮೊದಲು ಒಂದು ದೊಡ್ಡ ಚೀಲ. ಅದರ ಮೇಲ್ತುದಿಯಲ್ಲಿ ಒಂದು ಅಡ್ಡಗೆರೆ. ಗೆರೆಯ ಮೇಲೆ ಉಳಿದದ್ದು ನಿಂಬೆಹಣ್ಣಿನಷ್ಟು.

"ಇನ್ನು ಮೇಲೆ ಇಷ್ಟೇ ಮೇಡಂ ನಿಮ್ಮ ಹೊಟ್ಟೆ" ಎಂದು ಆ ನಿಂಬೆಹಣ್ಣಿಗೆ ಪೆನ್ನಿನಿಂದ ಎರಡು ಸುತ್ತು ಹಾಕಿದರು. ಕೆಳಗಿನಿಂದ ಕರುಳನ್ನು ಎಳೆದು ತಂದು ನೇರವಾಗಿ ಅದಕ್ಕೇ ಹೊಲಿಯುತ್ತಾರಂತೆ. ಗೆರೆಯ ಕೆಳಗಿನ ದೊಡ್ಡ ಚೀಲ ಅಲ್ಲೇ ಇರುತ್ತದೆ, ಆದರೆ ಅದರೊಳಗೆ ಊಟ ಹೋಗುವುದಿಲ್ಲ.

"ಅದು ಸುಮ್ಮನೆ ಇರತ್ತಾ ಡಾಕ್ಟರೇ?"

"ಸುಮ್ಮನೆ ಅಂದ್ರೆ?"

"ಮೂವತ್ತಾರು ವರ್ಷ ದಿನಾ ಮೂರು ಹೊತ್ತು ಊಟ ಬರ್ತಿದ್ದ ಜಾಗ. ಒಂದು ದಿನ ಇದ್ದಕ್ಕಿದ್ದ ಹಾಗೆ ಯಾರೂ ಬರಲ್ಲ ಅಂದ್ರೆ ಅದಕ್ಕೆ ಬೇಜಾರಾಗಲ್ವಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಮೇಜಿನ ಕೆಳಗೆ ನನ್ನ ಯಜಮಾನರು ನನ್ನ ಕಾಲು ತುಳಿದರು. ನಾನು ಮಾತ್ರ ವ್ಯಾನಿಟಿ ಬ್ಯಾಗಿನಿಂದ ಗೆರೆ ಹಾಕಿದ ಕಾಗದ ತೆಗೆದು ಎರಡನೆಯ ಪ್ರಶ್ನೆಗೆ ಹೋದೆ. ಒಟ್ಟು ಹದಿನೇಳು ಪ್ರಶ್ನೆಗಳಿದ್ದವು, ಎಲ್ಲಕ್ಕೂ ಎಡಗಡೆ ಅಂಚು ಬಿಟ್ಟು, ಕ್ರಮಸಂಖ್ಯೆ ಹಾಕಿ, ಕೆಳಗೆ ಅಡ್ಡಗೆರೆ ಎಳೆದು. ಕಾನ್ವೆಂಟಿನಲ್ಲಿ ಓದಿದವರಿಗೆ ಹೆದರಿಕೆಯಾದರೂ ಅದಕ್ಕೊಂದು ಮಾರ್ಜಿನ್ ಬೇಕು.

ಅದು ಎಂಬತ್ತರ ದಶಕದ ಕೊನೆ. ಆಗ ಬೈಪಾಸ್ ಎಂದರೆ ಜನ ಎದೆ ಮುಟ್ಟಿಕೊಳ್ಳುತ್ತಿದ್ದರು. ಹೊಟ್ಟೆಗೂ ಬೈಪಾಸ್ ಇದೆ, ಅದನ್ನು ಮಾಡಿದರೆ ತೂಕ ಇಳಿಯುತ್ತದೆ ಎನ್ನುವುದು ನಮ್ಮ ಪೀಣ್ಯದ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಡಾಕ್ಟರು ಹೊರದೇಶದಲ್ಲಿ ಕಲಿತು ಬಂದು, ಊರಿನ ಆ ತುದಿಯಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ನನಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ಎರಡು ಮಂಡಿಯೂ ಮಾತಾಡುತ್ತಿದ್ದವು. ನಾಲ್ಕು ಮೆಟ್ಟಿಲು ಹತ್ತಿದರೆ ಐದನೆಯದರ ಮೇಲೆ ಕೂರುತ್ತಿದ್ದೆ. ತೂಕ ನೂರಾ ಹದಿನಾರು ಕಿಲೋ. ಹೇಳಲು ಈಗ ಸಂಕೋಚವಿಲ್ಲ.

ಆಗ ಇತ್ತು. ಚಿಕ್ಕಂದಿನಿಂದಲೂ ಇತ್ತು. ನಮ್ಮ ಶಾಲೆಯ ಅಂಗಳದಲ್ಲಿ ಒಂದು ಸೀಸಾ ಹಲಗೆ ಇತ್ತು, ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತು ಏರಿಳಿಯುವುದು. ನಾನು ಕೂತ ತುದಿ ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ದಯೆಯ ಸಿಸ್ಟರೊಬ್ಬರು ಎದುರಿಗೆ ಇಬ್ಬರನ್ನು ಕೂರಿಸಿದರು, ಆಮೇಲೆ ಮೂವರನ್ನು. ಹಲಗೆ ಒಂದು ಗೇಣು ಎದ್ದು, ಯೋಚನೆ ಮಾಡಿ, ಮತ್ತೆ ಕೂತಿತು. ಮೇಲಿದ್ದ ಮೂವರು ಹುಡುಗಿಯರು ಕಿಲಕಿಲ ನಗುತ್ತಾ ಕಾಲಾಡಿಸುತ್ತಿದ್ದರು. ಅವರ ಕಪ್ಪು ಬೂಟುಗಳ ಅಡಿ ನನಗೆ ಈಗಲೂ ಕಾಣುತ್ತದೆ. ಒಬ್ಬಳ ಬೂಟಿಗೆ ಶೇಂಗಾ ಸಿಪ್ಪೆ ಅಂಟಿತ್ತು.

ಇನ್ನು ನನ್ನ ಯಜಮಾನರ ವಿಷಯ. ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಹಲ್ಲುಚಕ್ರಗಳು ಬರುತ್ತವೆ, ಇವರು ಅಳೆಯುತ್ತಾರೆ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣ ಬಳಿದು ಆಚೆಗೆ ಹಾಕುತ್ತಾರೆ. ಮನೆಯಲ್ಲೂ ಹಾಗೇ. ದೋಸೆ ದುಂಡಗಿಲ್ಲದಿದ್ದರೆ ಏನೂ ಅನ್ನುತ್ತಿರಲಿಲ್ಲ, ಆದರೆ ಒಂದು ಕ್ಷಣ ನೋಡುತ್ತಿದ್ದರು.

ಆಪರೇಷನ್ ದಿನ ಬೆಳಿಗ್ಗೆ ಅತ್ತೆ ಮಾಕಳಿ ಹತ್ತಿರದ ನಮ್ಮೂರಿನಿಂದ ಮೊದಲ ಬಸ್ಸಿಗೇ ಹೊರಟು, ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಗೆ ಬಂದರು. ಕಾರಿಡಾರಿನಲ್ಲಿ ಮೇರಿಯಮ್ಮನ ಒಂದು ಪ್ರತಿಮೆ ಇತ್ತು. ಅತ್ತೆ ಅದರ ಮುಂದೆ ನಿಂತು ಕೈ ಮುಗಿದು, ಗಟ್ಟಿಯಾಗಿ ನಮ್ಮೂರ ಆಂಜನೇಯನಿಗೆ ಹರಕೆ ಹೊತ್ತರು.

"ನನ್ನಪ್ಪಾ, ನನ್ ಸೊಸೆ ನೆಟ್ಟಗೆ ಆಚೆಗ್ ಬಂದ್ಬುಟ್ರೆ ಅವ್ಳ ತೂಕದಷ್ಟು ಬೆಲ್ಲ ತೂಗ್ತೀನಿ. ಈಯಮ್ಮನೇ ಸಾಕ್ಷಿ."

ಸ್ಟ್ರೆಚರಿನ ಮೇಲೆ ಮಲಗಿದ್ದ ನನಗೆ ನಗು ತಡೆಯಲಾಗಲಿಲ್ಲ. "ಅತ್ತೆ, ನನ್ ತೂಕ ಎಷ್ಟು ಅಂತ ಗೊತ್ತಾ ನಿಮಗೆ?"

"ಗೊತ್ತು ಕಣವ್ವ. ಆಲೆಮನೆಯೋನ್ಗೂ ಯೋಳ್ಬುಟ್ ಬಂದಿವ್ನಿ."

ನಗುತ್ತಲೇ ಒಳಗೆ ಹೋದೆ. ಮೂಗಿಗೆ ಮಾಸ್ಕ್ ಇಟ್ಟು ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು. ತೊಂಬತ್ತಾರರವರೆಗೆ ನೆನಪಿದೆ. ತೊಂಬತ್ತಾರು ಕಿಲೋ ಆದರೂ ಸಾಕಪ್ಪಾ ಎಂದುಕೊಂಡದ್ದೂ ನೆನಪಿದೆ.

ಎದ್ದ ಮೇಲೆ ನೋವಿಗಿಂತ ಹೆಚ್ಚು ಕಾಡಿದ್ದು ಕುತೂಹಲ. ಹೊಟ್ಟೆಯನ್ನು ಪಿನ್ನು ಹೊಡೆಯುವ ಒಂದು ಯಂತ್ರದಿಂದ ಮುಚ್ಚಿದ್ದಾರೆ ಎಂದು ಡಾಕ್ಟರು ಹೇಳಿದ್ದರು. ಕಾಗದಕ್ಕೆ ಪಿನ್ನು ಹೊಡೆದ ಹಾಗೆ, ಸಾಲಾಗಿ. ಅದನ್ನು ಅತ್ತೆಗೆ ಯಾಕೆ ಹೇಳಿದೆನೋ! ಅವತ್ತಿನಿಂದ ನಾನು ಸೀನಿದರೂ, ನನ್ನ ಆರೈಕೆಗೆಂದು ನಮ್ಮ ಮನೆಯಲ್ಲೇ ಉಳಿದಿದ್ದ ಅತ್ತೆ ಓಡಿ ಬಂದು "ಪಿನ್ನು ಬುಟ್ಕೊಳ್ತಾ?" ಎಂದು ಕೇಳುತ್ತಿದ್ದರು. ನನಗೂ ನನ್ನದೇ ಚಿಂತೆಗಳಿದ್ದವು. ತುಕ್ಕು ಹಿಡಿದರೆ? ಹುಳಿ ತಿಂದರೆ ತುಕ್ಕು ಬೇಗ ಹಿಡಿಯುತ್ತದೆಯೇ? ಯಜಮಾನರ ಕಾರ್ಖಾನೆಯಲ್ಲಿ ಕಬ್ಬಿಣದ ಚೂರುಗಳನ್ನು ಎತ್ತುವ ದೊಡ್ಡ ಅಯಸ್ಕಾಂತ ಇತ್ತು.

"ರೀ, ನಾನು ಅದರ ಕೆಳಗೆ ಹೋದರೆ?"

"ಹೋದ್ರೆ?"

"ಮೇಲಕ್ಕೆ ಎಳ್ಕೊಳ್ಳತ್ತಾ?"

ಅವರು ಒಂದು ಕ್ಷಣ ನನ್ನನ್ನು ನೋಡಿದರು. "ನಿನ್ನನ್ನ ಎತ್ತಕ್ಕೆ ಆ ಸೈಜ್ ಸಾಕಾಗಲ್ಲ ಕಣೇ" ಎಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಜವಾಗಿಯೂ ಹಿಡಿದುಕೊಂಡೇ ನಗಬೇಕಿತ್ತು, ಹೊಲಿಗೆ ಹಸಿಯಾಗಿತ್ತು.

ಮೊದಲ ತಿಂಗಳು ಬೇಳೆಕಟ್ಟು, ಮಜ್ಜಿಗೆ, ರಾಗಿ ಗಂಜಿಯ ತಿಳಿ. ಎಲ್ಲವನ್ನೂ ಮಗುವಿಗೆ ಔಷಧಿ ಕುಡಿಸುವ ಪುಟ್ಟ ಲೋಟದಲ್ಲಿ ಅಳೆದು ಕುಡಿಯುತ್ತಿದ್ದೆ. ಆಮೇಲೆ ಮೂರು ಚಮಚ ಮೆತ್ತಗಿನ ಅನ್ನ. ನನ್ನ ಇಬ್ಬರು ಹೆಣ್ಣುಮಕ್ಕಳು ಅಡುಗೆ ಆಟದ ತಟ್ಟೆಯನ್ನೇ ನನಗೆ ಬಿಟ್ಟುಕೊಟ್ಟರು. ಅದರಲ್ಲಿ ಬಡಿಸಿದರೆ ಮೂರು ಚಮಚವೂ ರಾಶಿಯಾಗಿ ಕಾಣುತ್ತಿತ್ತು.

ಸಿಹಿ ಮಾತ್ರ ಮುಟ್ಟಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ಸಿಹಿಯಾದದ್ದು ಆ ನಿಂಬೆಹಣ್ಣಿನಷ್ಟು ಹೊಟ್ಟೆಯಲ್ಲಿ ನಿಲ್ಲದೆ ನೇರ ಕರುಳಿಗೆ ಸುರಿದುಬಿಡುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ, ಮಲಗಿಬಿಡುತ್ತೀರಿ. ನಾನು ನಂಬಲಿಲ್ಲ. ಪಕ್ಕದ ಮನೆಯಲ್ಲಿ ನಾಮಕರಣ. ಆರು ಚಮಚ ಪಾಯಸ ಕುಡಿದೆ. ಹತ್ತು ನಿಮಿಷಕ್ಕೆ ಎದೆಯಲ್ಲಿ ಪೀಣ್ಯದ ಪ್ರೆಸ್ ಮಷಿನ್ನೆಲ್ಲ ಒಟ್ಟಿಗೆ ಹೊಡೆಯಲು ಶುರುವಾಯಿತು. ಅವರ ಮನೆಯ ನಡುಮನೆಯಲ್ಲೇ ಚಾಪೆಯ ಮೇಲೆ ಚಾಚಿಕೊಂಡೆ. ಪಕ್ಕದಲ್ಲಿ ಹೆಸರು ಕಟ್ಟಿಸಿಕೊಂಡ ಕೂಸು ಮಲಗಿತ್ತು. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಇಬ್ಬರೂ ಬೆವರುತ್ತಿದ್ದೆವು. ಇಷ್ಟಾದರೂ ನನಗೆ ಒಳಗೊಳಗೇ ಖುಷಿ. ಅಂದರೆ ಆಪರೇಷನ್ ಕೆಲಸ ಮಾಡುತ್ತಿದೆ!

ಕೆಲಸ ಮಾಡುತ್ತಿದೆಯೋ ಇಲ್ಲವೋ ಎನ್ನುವುದೇ ನನ್ನ ಹಗಲಿನ ಜಪ. ಅದನ್ನು ತೀರ್ಮಾನಿಸಲು ತೂಕ ನೋಡಬೇಕು. ರೈಲ್ವೆ ಸ್ಟೇಷನ್ನಿನ ಬಣ್ಣದ ದೀಪದ ಯಂತ್ರ ಹತ್ತಿದರೆ ಜನ ಸೇರುತ್ತಾರೆ. ರೇಷನ್ ಅಂಗಡಿಯ ತಕ್ಕಡಿ ಹತ್ತುವುದು ಯೋಚಿಸುವ ಮಾತೇ ಅಲ್ಲ. ಯಜಮಾನರೇ ದಾರಿ ಹೇಳಿದರು. ಅವರ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಪೆಟ್ಟಿಗೆಗಳನ್ನು ತೂಗುವ ದೊಡ್ಡ ಯಂತ್ರ ಇತ್ತು. ನೆಲಮಟ್ಟದ ಕಬ್ಬಿಣದ ಹಾಸು, ಮುಂದೆ ಹಿತ್ತಾಳೆಯ ಅಡ್ಡಕೋಲು, ಅದರ ಮೇಲೆ ಜಾರುವ ಗುಂಡು. ಭಾನುವಾರ ಕಾರ್ಖಾನೆ ಖಾಲಿ, ಕಾವಲುಗಾರರೊಬ್ಬರನ್ನು ಬಿಟ್ಟರೆ ಯಾರೂ ಇರುವುದಿಲ್ಲ.

ಮೊದಲ ಭಾನುವಾರ ನಾನು ಆ ಹಾಸಿನ ಮೇಲೆ ಕಾಲಿಡಲು ಒಪ್ಪಲಿಲ್ಲ. ಅದರ ಮೇಲೆ ಕಪ್ಪು ಎಣ್ಣೆ ಹರಡಿತ್ತು. ಕಾವಲುಗಾರರು, ಬಿಳಿ ಮೀಸೆಯ ಹಿರಿಯರು, ಪೆಟ್ಟಿಗೆಗಳ ಕೆಳಗೆ ಇಡುವ ಒಂದು ಮರದ ಹಲಗೆಚೌಕಟ್ಟನ್ನು ತಂದು ಯಂತ್ರದ ಮೇಲೆ ಹಾಸಿದರು.

"ಇದ್ರ ಮೇಲೆ ನಿಂತ್ಕಳಿ ಅಮ್ಮಾ, ಕಾಲ್ಗೆ ಎಣ್ಣೆ ತಾಗಾಕಿಲ್ಲ."

ಹಲಗೆಯ ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ 19 ಎಂದು ಬರೆದಿತ್ತು. ಅದು ಹಲಗೆಯ ತೂಕ. ಕಾರ್ಖಾನೆಯಲ್ಲಿ ಎಲ್ಲ ಹಲಗೆಗಳ ಮೇಲೂ ಹಾಗೆ ಬರೆದಿರುತ್ತಾರೆ. ಪೆಟ್ಟಿಗೆಯನ್ನು ಹಲಗೆಯ ಸಮೇತ ತೂಗಿ, ಬರೆದಷ್ಟನ್ನು ಕಳೆಯುತ್ತಾರೆ. ನನ್ನನ್ನೂ ಹಾಗೇ ತೂಗಿದರು. ಯಜಮಾನರು ಗುಂಡು ಜಾರಿಸಿ, ಬಗ್ಗಿ ಕಣ್ಣಿನ ಮಟ್ಟಕ್ಕೆ ನೋಡಿ, ಹತ್ತೊಂಬತ್ತು ಕಳೆದು, ಜೇಬಿನ ಡೈರಿಯಲ್ಲಿ ಬರೆದುಕೊಂಡರು. ಮನೆಗೆ ಬಂದು ಗ್ರಾಫ್ ಕಾಗದದಲ್ಲಿ ಚುಕ್ಕೆ ಇಟ್ಟರು. ಆ ಗ್ರಾಫನ್ನು ಬೀರುವಿನ ಬಾಗಿಲಿನ ಒಳಬದಿಗೆ, ನನ್ನ ಸೀರೆಗಳ ಎದುರಿಗೆ ಅಂಟಿಸಿದ್ದರು. ಮೇಲೊಂದು ಕೆಂಪು ಗೆರೆ, ಕೆಳಗೊಂದು ಕೆಂಪು ಗೆರೆ, ನಡುವೆ ನಾನು.

ಒಂದು ತಿಂಗಳಿಗೆ ಆಸ್ಪತ್ರೆಯಲ್ಲಿ ನೋಡಿದಾಗ ನೂರಾ ನಾಲ್ಕು. ಹಿಂದಿನ ಭಾನುವಾರ ಕಾರ್ಖಾನೆಯ ಯಂತ್ರವೂ ನೂರಾ ನಾಲ್ಕೇ ಹೇಳಿತ್ತು. ಯಜಮಾನರು ಡಾಕ್ಟರ ಎದುರಿಗೇ ಮೀಸೆ ತಿರುವಿದರು. "ನಮ್ಮ ಸ್ಕೇಲ್ ಕರೆಕ್ಟಾಗಿದೆ ಸಾರ್." ಡಾಕ್ಟರು ಗೌರಿ ಹಬ್ಬ ಕಳೆದ ಮೇಲೆ ಬನ್ನಿ ಎಂದು ಕಳಿಸಿದರು.

ಆಷಾಢದ ಹೊತ್ತಿಗೆ ತೊಂಬತ್ತೇಳು. ನಾನು ನೆಲದ ಮೇಲೆ ಕೂತು ಕೈ ಊರದೆ ಎದ್ದೆ. ಅತ್ತೆ ಅದನ್ನು ನೋಡಲು ಎದುರು ಮನೆಯವರನ್ನು ಕರೆದು, ನನ್ನನ್ನು ಮೂರು ಸಲ ಕೂರಿಸಿ ಎಬ್ಬಿಸಿದರು.

ಆಮೇಲೆ ಮಳೆ ಹಿಡಿಯಿತು. ತೂಕ ನಿಂತಿತು.

ಮುಂದಿನ ಭಾನುವಾರ ತೊಂಬತ್ತೇಳು. ಅದರ ಮುಂದಿನದು ತೊಂಬತ್ತೇಳು. ಮತ್ತೊಂದು ವಾರ ತೊಂಬತ್ತಾರು ಎಂದು ನಾನು ಕುಣಿಯುವಷ್ಟರಲ್ಲಿ ಮರುವಾರ ಮತ್ತೆ ತೊಂಬತ್ತೇಳು. ಬೀರು ತೆರೆದರೆ ಚುಕ್ಕೆಗಳು ಇರುವೆ ಸಾಲಿನಂತೆ ನೇರವಾಗಿ ಅಡ್ಡಡ್ಡ ಹೋಗುತ್ತಿದ್ದವು.

ನನ್ನ ತಲೆಯಲ್ಲಿ ಔಷಧಿ ಚೀಟಿಯ ಚಿತ್ರ ತೆರೆದುಕೊಂಡಿತು. ಆ ಅಡ್ಡಗೆರೆ ಬಿಟ್ಟುಕೊಂಡಿದೆ. ಒಂದು ಪಿನ್ನು ಸಡಿಲವಾಗಿದೆ. ಊಟ ಸದ್ದಿಲ್ಲದೆ ಹಳೆಯ ಚೀಲಕ್ಕೇ ಹೋಗುತ್ತಿದೆ. ಹಳೆಯ ಚೀಲ ಸಂತೋಷದಿಂದ ಬಾ ಬಾ ಎಂದು ಕರೆದುಕೊಳ್ಳುತ್ತಿದೆ. ಯಾವಾಗ ಬಿಟ್ಟುಕೊಂಡಿತು? ಮೂರು ಚಮಚಕ್ಕೆ ಬದಲು ಐದು ಚಮಚ ಉಪ್ಪಿಟ್ಟು ತಿಂದ ದಿನವೇ? ಅಟ್ಟದಿಂದ ಹಿತ್ತಾಳೆ ಪಾತ್ರೆ ಇಳಿಸಿದ ದಿನವೇ? ಹೊಟ್ಟೆ ಕೊಯ್ಯಿಸಿಕೊಂಡು, ಊಟ ಬಿಟ್ಟು, ಎಲ್ಲರನ್ನೂ ಹೆದರಿಸಿ, ಕೊನೆಗೆ ಹಿಂದಿನಂತೆಯೇ ಮೆಟ್ಟಿಲ ಮೇಲೆ ಕೂರುವುದೇ? ಸಕ್ಕರೆ ಕಾಯಿಲೆ ವಾಪಸ್ಸು ಬರುವುದೇ?

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಒಬ್ಬಳೇ ಇದ್ದೆ. ಪರೀಕ್ಷೆ ಮಾಡಿಯೇ ಬಿಡೋಣ ಎನಿಸಿತು. ಸಿಹಿ ತಿಂದರೆ ಎದೆ ಹೊಡೆದುಕೊಳ್ಳಬೇಕು. ಹೊಡೆದುಕೊಂಡರೆ ಆಪರೇಷನ್ ಗಟ್ಟಿ, ಇಲ್ಲವಾದರೆ ಕೆಟ್ಟಿದೆ. ಡಬ್ಬಿಯಿಂದ ಚಿಟಿಕೆ ಬೆಲ್ಲ ತೆಗೆದು ಬಾಯಿಗೆ ಹಾಕಿ, ಗೋಡೆ ಗಡಿಯಾರದ ಕೆಳಗೆ ಕೂತು, ನಾಡಿ ಹಿಡಿದು ಎಣಿಸಿದೆ. ಹತ್ತು ನಿಮಿಷ ಆಯಿತು. ಏನೂ ಇಲ್ಲ. ಎದೆ ಹಸುವಿನಂತೆ ಶಾಂತವಾಗಿತ್ತು. ಏನೂ ಆಗಲಿಲ್ಲವಲ್ಲ ಎಂಬ ಹೆದರಿಕೆಗೆ ಎದೆ ಹೊಡೆದುಕೊಳ್ಳತೊಡಗಿತು. ಈಗ ಇದು ಬೆಲ್ಲದ್ದೋ ಹೆದರಿಕೆಯದ್ದೋ? ಆ ಕ್ಷಣಕ್ಕೆ ಅತ್ತೆ ಒಳಗೆ ಬಂದರು.

"ಯಾಕವ್ವ ಗಡಿಯಾರದ ಕೆಳ್ಗೆ ಕುಂತೆ? ಬಾಯಲ್ಲೇನು?"

"ಬೆಲ್ಲ ಅತ್ತೆ. ಟೆಸ್ಟಿಂಗು."

"ದ್ಯಾವರ ಬೆಲ್ಲಕ್ಕೆ ಈಗ್ಲೇ ಕೈ ಆಕುದ್ಯಾ?"

ಡಾಕ್ಟರಿಗೆ ಪತ್ರ ಬರೆದೆ. ಮಾರ್ಜಿನ್ ಬಿಟ್ಟು, ಒಂಬತ್ತು ಪ್ರಶ್ನೆ. ಅವರು ಒಂದು ಕಾರ್ಡಿನಲ್ಲಿ ಉತ್ತರ ಬರೆದಿದ್ದರು: ಚಿಟಿಕೆ ಬೆಲ್ಲದಿಂದ ಏನೂ ತಿಳಿಯುವುದಿಲ್ಲ, ದಯವಿಟ್ಟು ಪರೀಕ್ಷೆಗಳನ್ನು ನನಗೆ ಬಿಡಿ, ಗೌರಿ ಹಬ್ಬ ಆದ ಮೇಲೆ ಬನ್ನಿ. ಕೆಳಗೆ ಸಣ್ಣಗೆ: ನಿಮ್ಮ ಕೈಬರಹ ಬಹಳ ಚೆನ್ನಾಗಿದೆ.

ಈ ನಡುವೆ ಮೈ ಬೇರೆಯೇ ಕತೆ ಹೇಳುತ್ತಿತ್ತು. ಅಕ್ಕಿ ತೊಳೆಯುವಾಗ ಬಳೆಗಳು ಜಾರಿ ನೀರಿಗೆ ಬೀಳುತ್ತಿದ್ದವು. ಲಂಗದ ಲಾಡಿಯ ತುದಿಗಳು ಎಷ್ಟು ಉದ್ದವಾಗಿದ್ದವೆಂದರೆ ನಡೆದರೆ ಕಾಲಿಗೆ ತೊಡರುತ್ತಿದ್ದವು. ಯಜಮಾನರಿಗೆ ಬಳೆ ತೋರಿಸಿದೆ.

"ಬಳೆ ಅಳತೆ ಮಾಡೋ ಸಾಧನ ಅಲ್ಲ ಕಣೇ" ಎಂದರು, ಪ್ರೀತಿಯಿಂದಲೇ. "ಸೋಪಿನ ಕೈಗೆ ಜಾರಿರತ್ತೆ. ಸ್ಕೇಲ್ ಏನ್ ಹೇಳತ್ತೋ ಅದೇ ಲೆಕ್ಕ." ಹೇಳಿ ಮುಖ ಸಣ್ಣಗೆ ಮಾಡಿಕೊಂಡು ಗ್ರಾಫ್ ನೋಡುತ್ತಾ ನಿಂತರು. ಅವರಿಗೂ ಹೆದರಿಕೆಯಾಗಿತ್ತು. ಅಳತೆ ತಪ್ಪಿದ ಚಕ್ರಕ್ಕೆ ಕೆಂಪು ಬಣ್ಣ ಬಳಿಯಬಹುದು, ಹೆಂಡತಿಗೆ?

ಒಂದು ಸಣ್ಣ ಸಂಗತಿ. ಆ ಭಾನುವಾರಗಳಲ್ಲಿ ಹಲಗೆಯ ಮೇಲೆ ನಿಂತಾಗ ಅಂಗಾಲಿಗೆ ತಣ್ಣಗೆ ಹಿತವಾಗಿರುತ್ತಿತ್ತು. ಇಳಿದರೆ ಸಿಮೆಂಟಿನ ಮೇಲೆ ನನ್ನ ಹೆಜ್ಜೆ ಒದ್ದೆಯಾಗಿ ಮೂಡುತ್ತಿತ್ತು. ಪಾಪ, ಆ ಹಿರಿಯರು ನನಗಾಗಿ ಹಲಗೆ ತೊಳೆದಿಟ್ಟಿದ್ದಾರೆ ಎಂದುಕೊಂಡೆ. ಒಂದು ಮೂಲೆಯಲ್ಲಿ ಗುಂಡುಸೂಜಿಯ ತಲೆಯಷ್ಟು ಚಿಕ್ಕ ಬಿಳಿ ಅಣಬೆಗಳು ಎದ್ದಿದ್ದವು. ಎಷ್ಟು ಮುದ್ದಾಗಿವೆ ಎಂದು ನೋಡುತ್ತಾ ನಿಂತಿದ್ದೆ. ಯಜಮಾನರು "ಅಲ್ಲಾಡ್ಬೇಡ, ಗುಂಡು ನಿಲ್ತಾ ಇಲ್ಲ" ಎಂದು ಗದರಿದರು.

ಶ್ರಾವಣ ಬಂತು. ಕೊನೆಯ ಶನಿವಾರ ತುಲಾಭಾರ ಎಂದು ಊರಿನಲ್ಲಿ ಗೊತ್ತಾಯಿತು. ಈಗ ಬೇರೆ ಪ್ರಶ್ನೆ ಎದ್ದಿತು. ಹರಕೆ ಹೊತ್ತ ದಿನದ ತೂಕದಷ್ಟು ಬೆಲ್ಲವೋ, ತೂಗುವ ದಿನದ ತೂಕದಷ್ಟೋ? ಅತ್ತೆಗೆ ದೇವರಿಗೆ ಕಡಿಮೆ ಬೀಳುವುದು ಇಷ್ಟವಿರಲಿಲ್ಲ. ಅರ್ಚಕರು, ತಕ್ಕಡಿಯಲ್ಲಿ ಯಾರು ಕೂರುತ್ತಾರೋ ಅವರ ತೂಕವೇ ದೇವರಿಗೆ ಎಂದು ತೀರ್ಪು ಕೊಟ್ಟರು. ಯಜಮಾನರು ಡೈರಿ ನೋಡಿ ತೊಂಬತ್ತೇಳು ಕಿಲೋ ಎಂದು ಆಲೆಮನೆಗೆ ಹೇಳಿಬಂದರು. ಹತ್ತತ್ತು ಕಿಲೋದ ಬಕೆಟ್ ಬೆಲ್ಲ ಒಂಬತ್ತು, ಮೇಲೆ ಏಳು ಕಿಲೋ ಸಣ್ಣ ಅಚ್ಚುಗಳು.

ಅತ್ತೆ ಅಂದು ಸಂಜೆ ಹೂಬತ್ತಿ ಹೊಸೆಯುತ್ತಾ ಬಹಳ ಹೊತ್ತು ಯೋಚಿಸಿದರು. ಆಮೇಲೆ ಗುಟ್ಟು ಹೇಳುವ ದನಿಯಲ್ಲಿ ಹೇಳಿದರು:

"ನಂಗೆ ಗೊತ್ತಾಯ್ತು ಕಣವ್ವ ನಿನ್ ತೂಕ ಯಾಕೆ ನಿಂತ್ಕಂಡೈತೆ ಅಂತ. ಆ ಅಂಜನಪ್ಪನೇ ಇಡ್ಕೊಂಡವ್ನೆ."

"ಯಾಕೆ ಅತ್ತೆ?"

"ನೀನು ಇಳ್ದಷ್ಟೂ ಅವ್ನಿಗೆ ಬೆಲ್ಲ ಕಮ್ಮಿ ಆಯ್ತದಲ್ಲ! ತೂಗಿ ಮುಗೀಲಿ, ಬುಟ್ಬುಡ್ತಾನೆ."

ಹದಿನೇಳು ಪ್ರಶ್ನೆ ಕೇಳಿದವಳು ನಾನು. ಆದರೂ ಹೇಳುತ್ತೇನೆ, ನನಗೆ ಸಿಕ್ಕ ವಿವರಣೆಗಳಲ್ಲೆಲ್ಲ ಅದೊಂದೇ ಸಮಾಧಾನ ಕೊಟ್ಟದ್ದು.

ಶನಿವಾರ ಮಳೆ ಬಿಟ್ಟು ಬಿಸಿಲು ಬಂದಿತ್ತು. ಹುಣಸೆಹಣ್ಣಿನ ಮಂಡಿಯಿಂದ ದೊಡ್ಡ ತಕ್ಕಡಿ ತಂದು ದೇವಸ್ಥಾನದ ಮುಂದಿನ ಕಲ್ಲಿನ ತೊಲೆಗೆ ಕಟ್ಟಿದ್ದರು. ಎರಡು ಕಡೆಯೂ ಸರಪಳಿಗೆ ತೂಗುಬಿಟ್ಟ ಚೌಕ ಮಣೆಗಳು. ಸಾಮಾನ್ಯವಾಗಿ ಅಲ್ಲಿ ಕೈಕೂಸುಗಳನ್ನು ತೂಗುತ್ತಿದ್ದರು. ನನ್ನನ್ನು ತೂಗುತ್ತಾರೆ ಎಂದು ಊರೆಲ್ಲ ಬಂದಿತ್ತು. "ಒಟ್ಟೆಗೆ ಪಿನ್ನು ಒಡ್ಸ್ಕೊಂಡವ್ಳು ಇವ್ಳೇನಾ?" ಎಂದು ಒಬ್ಬಾಕೆ ಕೇಳಿದ್ದು ನನ್ನ ಕಿವಿಗೇ ಬಿತ್ತು. "ಎಲ್ಲಿ, ತೋರ್ಸು ಅನ್ನು" ಎಂದರು ಇನ್ನೊಬ್ಬರು.

ನನ್ನ ಹೆದರಿಕೆ ಒಂದೇ. ಕಳೆದ ಭಾನುವಾರದಿಂದ ತೂಕ ಏರಿದ್ದರೆ? ಎಲ್ಲ ಬೆಲ್ಲ ಇಟ್ಟ ಮೇಲೂ ನಾನು ನೆಲ ಕಚ್ಚಿ ಕೂತಿದ್ದರೆ? ಇಷ್ಟು ಜನರ ಮುಂದೆ ಇನ್ನಷ್ಟು ಬೆಲ್ಲಕ್ಕೆ ಆಲೆಮನೆಗೆ ಯಾರಾದರೂ ಸೈಕಲ್ ತುಳಿಯಬೇಕಾಗುತ್ತದೆ. ಆಪರೇಷನ್ ಕೆಟ್ಟಿದೆ ಎನ್ನುವುದು ಡಾಕ್ಟರಿಗಿಂತ ಮೊದಲು ಮಾಕಳಿಗೆ ತಿಳಿಯುತ್ತದೆ.

ಕುಂಕುಮ ಇಟ್ಟು ಕೂರಿಸಿದರು. ನಾನು ಕೂತ ಮಣೆ ದಡ್ ಎಂದು ನೆಲಕ್ಕೆ ಬಿತ್ತು. ಎದುರಿನ ಖಾಲಿ ಮಣೆ ಆಕಾಶಕ್ಕೆ ಹೋಯಿತು. ನನಗೆ ಆ ಕಪ್ಪು ಬೂಟುಗಳು ನೆನಪಾದವು.

ಯಜಮಾನರು ಪಂಚೆ ಎತ್ತಿ ಕಟ್ಟಿ, ಮಣೆಯನ್ನು ಕೆಳಗೆ ಹಿಡಿದು ಬೆಲ್ಲ ಜೋಡಿಸತೊಡಗಿದರು. ಒಂದು. ಎರಡು. ಕಾರ್ಖಾನೆಯಲ್ಲಿ ಪೆಟ್ಟಿಗೆ ಇಟ್ಟ ಹಾಗೆ ಅಂಚಿಗೆ ಅಂಚು ಸೇರಿಸಿ ಇಡುತ್ತಿದ್ದರು. ಐದು. ಆರು. ನಾನು ಉಸಿರು ಹಿಡಿದಿದ್ದೆ. ಉಸಿರು ಬಿಟ್ಟರೆ ಹಗುರಾಗುತ್ತೇನೋ ಎಂದು ಆಮೇಲೆ ಬಿಟ್ಟೆ. ಏಳು. ಎಂಟು. ಸರಪಳಿ ಕಿರ್ ಎಂದಿತು. ನಾನು ಅಲ್ಲಾಡಲಿಲ್ಲ. ಅವರು ಹಣೆಯ ಬೆವರು ಒರೆಸಿ, "ಇದಾದ್ಮೇಲೂ ಸಣ್ಣವು ಏಳು ಕಿಲೋ ಬೇಕು" ಎಂದು ಅರ್ಚಕರಿಗೆ ಲೆಕ್ಕ ಹೇಳುತ್ತಾ ಒಂಬತ್ತನೆಯದನ್ನು ಇಟ್ಟರು.

ನಾನು ಎದ್ದೆ.

ಎದ್ದೆ ಎಂದರೆ ಕೂತಲ್ಲೇ ಎದ್ದೆ. ನೆಲ ನನ್ನಿಂದ ಇಳಿದು ಹೋಯಿತು. ಬೆಲ್ಲದ ಮಣೆ ಮೆಲ್ಲಗೆ ಕೆಳಗಿಳಿಯಿತು, ನಾನು ಮೆಲ್ಲಗೆ ಮೇಲಕ್ಕೆ ಹೋದೆ, ನನ್ನ ಪಾದಗಳು ಗಾಳಿಯಲ್ಲಿದ್ದವು.

"ಇದು ಸಾಧ್ಯ ಇಲ್ಲ" ಎಂದರು ಯಜಮಾನರು, ಸಣ್ಣ ಅಚ್ಚುಗಳ ತಟ್ಟೆ ಹಿಡಿದುಕೊಂಡೇ. "ಇನ್ನೂ ಏಳು ಕಿಲೋ ಬೇಕು. ಈ ತಕ್ಕಡಿ ಸುಳ್ಳು ಹೇಳ್ತಿದೆ."

"ದ್ಯಾವರ ತಕ್ಕಡಿ ಸುಳ್ಳು ಯೋಳ್ತದಾ? ಅಂಗೆಲ್ಲ ಅನ್ಬಾರ್ದು ನೋಡು!" ಎಂದು ಅತ್ತೆ ಅವರ ಬೆನ್ನಿಗೆ ಒಂದು ಗುದ್ದಿದರು.

ನಾನು ಕೂತಿದ್ದ ಮಣೆ ಬಿಸಿಲಿಗೆ ಕಾದು ಬೆಚ್ಚಗಿತ್ತು. ಅಂಗೈ ಊರಿದೆ. ಒಣಗಿತ್ತು. ಗರಿಗರಿಯಾಗಿ ಒಣಗಿತ್ತು. ಎಲ್ಲ ಒಟ್ಟಿಗೆ ನನ್ನ ತಲೆಗೆ ಬಂತು: ಅಂಗಾಲಿನ ತಂಪು, ಸಿಮೆಂಟಿನ ಮೇಲಿನ ಒದ್ದೆ ಹೆಜ್ಜೆ, ಆ ಮುದ್ದಾದ ಅಣಬೆಗಳು.

"ರೀ!" ಎಂದು ಮೇಲಿನಿಂದ ಕೂಗಿದೆ. "ಹಲಗೆ! ಹಲಗೆ ನೆಂದಿತ್ತು ಕಣ್ರೀ! ನಿಮ್ಮ ಹತ್ತೊಂಬತ್ತು ಮಳೆ ಕುಡಿದಿದೆ!"

ಊರಿನವರಿಗೆ ಏನೂ ಅರ್ಥವಾಗಲಿಲ್ಲ. ಯಜಮಾನರಿಗೆ ಮಾತ್ರ ಆಯಿತು. ಸೋಮವಾರ ಹೋಗಿ ಆ ಹಲಗೆಯೊಂದನ್ನೇ ಯಂತ್ರದ ಮೇಲಿಟ್ಟು ನೋಡಿದರಂತೆ: ಇಪ್ಪತ್ತೆಂಟು ಚಿಲ್ಲರೆ. ಮಳೆ ಶುರುವಾದಾಗ ಹೊಸ ಸಾಮಾನು ಬಂದು ಶೆಡ್ಡು ತುಂಬಿ, ಹಲಗೆಯನ್ನು ಹೊರಗೆ ಸೂರಿನ ನೀರು ಬೀಳುವ ಕಡೆ ಒರಗಿಸಿಟ್ಟಿದ್ದರು. ಪ್ರತಿ ವಾರ ನಾನು ಎರಡು ಕಿಲೋ ಇಳಿಯುತ್ತಿದ್ದೆ, ಅದು ಎರಡು ಕಿಲೋ ನೀರು ಕುಡಿಯುತ್ತಿತ್ತು. ಕೂದಲೆಳೆ ಅಳೆಯುವ ನನ್ನ ಯಜಮಾನರು ಬರೆದದ್ದನ್ನು ನಂಬಿ, ಹಲಗೆಯನ್ನು ಮತ್ತೊಮ್ಮೆ ತೂಗಿಯೇ ಇರಲಿಲ್ಲ. ಗೌರಿ ಹಬ್ಬದ ನಂತರ ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಪಕ್ಕದ ಕೋಣೆಯ ಸಿಸ್ಟರನ್ನೂ ಕರೆದು ಕೇಳಿಸಿದರು. ಆಮೇಲೆ ನನ್ನ ಹೊಟ್ಟೆ ಮುಟ್ಟಿ ನೋಡಿ, ಪಿನ್ನುಗಳೆಲ್ಲ ಕೆಲಸಕ್ಕೆ ಹಾಜರಾಗಿವೆ ಮೇಡಂ ಎಂದರು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಶನಿವಾರ ನಾನಿನ್ನೂ ಮೇಲೆಯೇ ಇದ್ದೆ. ಅತ್ತೆ ಯಜಮಾನರ ಕೈಯಿಂದ ತಟ್ಟೆ ಕಿತ್ತುಕೊಂಡು, "ದ್ಯಾವರಿಗೆ ಅಂತ ತಂದಿದ್ದು ಮನೆಗೆ ವಾಪಸ್ ಒಯ್ಯಾಂಗಿಲ್ಲ" ಎಂದು ಏಳು ಕಿಲೋ ಸಣ್ಣ ಅಚ್ಚುಗಳನ್ನೂ ಬೆಲ್ಲದ ಮಣೆಗೆ ಸುರಿದರು. ನಾನು ಇನ್ನೂ ಒಂದು ಮೊಳ ಮೇಲೆ ಹೋಗಿ ತೂಗಾಡತೊಡಗಿದೆ. ಕೆಳಗೆ ನನ್ನ ಇಬ್ಬರು ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದರು. "ಪಿನ್ನು ತೋರ್ಸು" ಎಂದವರು ಸೀರೆಯ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಹೊಟ್ಟೆ ಹಿಡಿದುಕೊಳ್ಳದೆ, ಎರಡು ಕೈಯಲ್ಲೂ ಸರಪಳಿ ಹಿಡಿದು. ಯಾರಿಗೂ ಕಾಣದಷ್ಟು ಮೆಲ್ಲಗೆ ಎಂದುಕೊಂಡು ಕಾಲು ಆಡಿಸಿದೆ. ಎಲ್ಲರಿಗೂ ಕಂಡಿತು.

ಅರ್ಚಕರು ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಯಜಮಾನರು ಬೆಲ್ಲದ ಮಣೆಯ ಪಕ್ಕ ಬಗ್ಗಿ, ಒಂದು ಅಚ್ಚಿಗೆ ಕೈಯಿಟ್ಟು, ತಲೆಯೆತ್ತಿ ನನ್ನನ್ನು ನೋಡಿದರು. ಅವರು ನನ್ನನ್ನು ತಲೆಯೆತ್ತಿ ನೋಡಿದ್ದು ಅದೇ ಮೊದಲು.

"ಇಳಿಸಲಾ?"

"ಬೇಡ" ಎಂದೆ. "ಇನ್ನೊಂದ್ ಸ್ವಲ್ಪ ಹೊತ್ತು ಇರ್ಲಿ."